ಹಸಿದ ಕೌದಿ

ಪಡದಯ್ಯನಿಗೆ ಸಿಟ್ಟು ಬಂದಿತ್ತು. ಅವನ ಜಾಗದಲ್ಲಿ ಯಾರಿದ್ದರೂ ಬರುವಂಥದ್ದೇ.

ಹೊಳೆಯ ದಂಡೆಯ ಆ ಆಶ್ರಮಕ್ಕೆ ಅವನು ಬಂದು ಮೂರು ವರ್ಷ ತುಂಬಿತ್ತು. ಬಂದದ್ದು ಗುರುವಿನಿಂದ ಉಪದೇಶ ಪಡೆಯುವುದಕ್ಕೆ. ಓದಬೇಕಾದ ಶಾಸ್ತ್ರಗಳನ್ನೆಲ್ಲ ಓದಿದ್ದ. ಹಿಂದಿನಿಂದ ಮುಂದಕ್ಕೆ ಕೇಳಿದರೂ ತಡವರಿಸದೆ ಒಪ್ಪಿಸುತ್ತಿದ್ದ. ಇನ್ನು ಉಳಿದದ್ದು ಗುರು ಹತ್ತಿರ ಕೂರಿಸಿಕೊಂಡು ಹೇಳುವ ಆ ಒಂದು ಮಾತು ಮಾತ್ರ. ಅದೊಂದು ಸಿಕ್ಕರೆ ಮನೆ ಬಿಟ್ಟು ಬಂದದ್ದು ಸಾರ್ಥಕ ಎಂದು ಅವನು ನಂಬಿದ್ದ.

ಅದೊಂದು ಬಿಟ್ಟು ಉಳಿದದ್ದೆಲ್ಲ ಸಿಕ್ಕಿತ್ತು. ಮೊದಲ ವರ್ಷ ಕಸಬರಿಗೆ ಸಿಕ್ಕಿತು, ಆಮೇಲೆ ನೀರಿನ ಕೊಡ. ಈಗ, ಹಲ್ಲು ಕಟಕಟ ಅನ್ನುವ ಈ ಮಾಗಿಯಲ್ಲಿ, ಸೂಜಿ.

ಗುರುವಿನ ಹೆಸರು ನಿಂಬವ್ವ. ತಲೆ ಪೂರ್ತಿ ನೆರೆತ ಹೆಂಗಸು. ಎಲ್ಲರ ಬಾಯಲ್ಲೂ ಅವ್ವಾರು. ಅವರು ಆಡುವ ಮಾತು ಕಡಿಮೆ, ಆಡಿದ್ದಕ್ಕೆ ಅರ್ಥ ಹೇಳುವುದು ಅದಕ್ಕಿಂತ ಕಡಿಮೆ.

"ಅವ್ವಾರ, ಈ ಸಂಕ್ರಾಂತಿಗರೆ ಉಪದೇಶ ಕೊಡ್ರಿ," ಎಂದು ಪಡದಯ್ಯ ಕೈ ಮುಗಿದು ಕೇಳಿದ್ದ.

"ಕೌದಿ ಮುಗದ ದಿನ ಕೇಳು," ಅಂದರು ಅವ್ವಾರು.

"ಯಾವ ಕೌದಿ ಅವ್ವಾರ?"

"ನೀ ಹೊಲಿಯೂದು."



ವಿಷಯ ಇಷ್ಟು. ಹೊಳೆಯಾಚೆಗಿನ ಹೊಲದಲ್ಲಿ ಕಬ್ಬು ಕಡಿಯುವವರು ಬಂದು ಗುಡಾರ ಹಾಕಿದ್ದರು. ದೊಡ್ಡವರು ನಸುಕಿನಲ್ಲೇ ಕುಡಗೋಲು ಹಿಡಿದು ಹೊಲಕ್ಕೆ ಇಳಿಯುತ್ತಿದ್ದರು. ಮಕ್ಕಳು ಆರಿದ ಒಲೆಯ ಬೂದಿಯಲ್ಲಿ ಕೈ ಇಟ್ಟುಕೊಂಡು ಬಿಸಿಲು ಬರಲಿ ಎಂದು ಕಾಯುತ್ತಿದ್ದರು. ಹೊಳೆಯ ಮೇಲಿನ ಗಾಳಿಗೆ ಗುಡಾರದ ಹರಕು ಬಟ್ಟೆ ಯಾವ ಲೆಕ್ಕ? ಒಂದು ದಿನ ಅವ್ವಾರು ಅದನ್ನು ನೋಡಿ ಬಂದರು. ಮರುದಿನವೇ ಆಶ್ರಮದ ಪಡಸಾಲೆಯಲ್ಲಿ ಸಿಗಡಿಗೆ ಕೆಂಡ ತುಂಬಿಸಿದರು, ಮಕ್ಕಳನ್ನೆಲ್ಲ ಕರೆತಂದು ಅದರ ಸುತ್ತ ಕೂರಿಸಿದರು.

"ಚಳಿ ಹೋಗೂಮಟ ದಿನಾ ಮುಂಜಾನೆ ಇವರ ಕೂಡ ಕೂಡು," ಎಂದು ಪಡದಯ್ಯನಿಗೆ ಹೇಳಿದರು.

"ಕೂಡ್ತೀನ್ರಿ. ಏನ್ ಕಲಸ್ಲಿ? ಅಕ್ಷರಾನೋ, ಶ್ಲೋಕಾನೋ?"

"ಏನೂ ಕಲಸಬ್ಯಾಡ. ಬಾಗಲಾ ಹಾಕ್ಕೊಂಡು ಕೌದಿ ಹೊಲೀರಿ."

"ಸೂಜಿ ಹಿಡಿಯಾಕ ಮನಿ ಬಿಟ್ಟು ಬಂದೇನೇನ್ರಿ ನಾ?"

"ಮತ್ತ ಏನ್ ಹಿಡಿಯಾಕ ಬಂದೀದಿ?"

ಇದಕ್ಕೆ ಯಾವ ಶಾಸ್ತ್ರದಲ್ಲಿ ಉತ್ತರವಿದೆ? ಪಡದಯ್ಯ ಒಳಗೊಳಗೇ ಕುದಿಯುತ್ತ ಸೂಜಿ ತಗೊಂಡ.

ಕೌದಿ ಎಂದರೆ ಗೊತ್ತಲ್ಲ, ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿದ ಹೊದಿಕೆ. ಕೈ ಪಳಗಿದ ನಾಲ್ಕು ಹೆಂಗಸರು ಕೂತರೆ ಸರಸರ ಮುಗಿಯುವ ಕೆಲಸ. ಇಲ್ಲಿ ಕೂತವರು ಸೂಜಿಯ ತುದಿ ಯಾವುದು, ಕಣ್ಣು ಯಾವುದು ಎಂದು ಆಗಷ್ಟೇ ಕಲಿಯುತ್ತಿದ್ದ ಮಕ್ಕಳು.

ಅವರಲ್ಲಿ ದೊಡ್ಡವಳು ಲಗಮವ್ವ. ದೊಡ್ಡವಳು ಎಂದರೆ ಹಾಲುಹಲ್ಲು ಬಿದ್ದ ಜಾಗದಲ್ಲಿ ಹೊಸವು ಅರ್ಧ ಬಂದಿದ್ದವು, ಅಷ್ಟೇ. ಕಂಕುಳಲ್ಲಿ ಯಾವಾಗಲೂ ತಮ್ಮ ಭೀಮ್ಯಾ. ಅವನಿಗೆ ಇನ್ನೂ ಮಾತು ಬಂದಿರಲಿಲ್ಲ. ಬಂದಿದ್ದದ್ದು ನಾಲ್ಕೈದು ಹಲ್ಲು ಮತ್ತು ಯಾವುದನ್ನು ಕಂಡರೂ ಬಾಯಿಗೆ ಹಾಕುವ ಆಸೆ.

ಭೀಮ್ಯಾನಿಗೂ ಅವ್ವಾರು ಕೆಲಸ ಕೊಟ್ಟರು. ಹಾಸಿದ ಬಟ್ಟೆ ಸರಿಯಬಾರದು, ಅದಕ್ಕೆ ಅವನು ನಟ್ಟನಡುವೆ ಕೂರಬೇಕು. ಅವನು ಗಂಭೀರವಾಗಿ ಕೂತ. ಉಳಿದವರು ಅವನ ಸುತ್ತ ಹೊಲಿದರು. ಅವನು ಎದ್ದು ಓಡಾಡಿದ ದಿನ ಬಟ್ಟೆ ಸುಕ್ಕಾಗಿ ಹೊಲಿಗೆಯೂ ಅವನ ಹಿಂದೆ ಓಡಾಡಿತು.

ಇದೆಲ್ಲ ಸಾಲದು ಎಂಬಂತೆ ಅವ್ವಾರದು ಒಂದು ಕಟ್ಟಳೆ. ಯಾವ ತುಂಡನ್ನೂ ಸುಮ್ಮನೆ ಹೊಲಿಯುವ ಹಾಗಿಲ್ಲ. ಅದು ಯಾರದು, ಏನು ಕಂಡಿತ್ತು ಎಂದು ತಂದವರು ಮೊದಲು ಹೇಳಬೇಕು.

"ಇದು ನಮ್ಮವ್ವನ ಸೀರಿ. ಕಬ್ಬಿನ ರವದಿ ಗರಿ ಬಡದು ಹರದೈತಿ," ಅಂದಳು ಲಗಮವ್ವ. "ಹರದಾಗ ನಮ್ಮವ್ವ ಅತ್ತಿರಲಿಲ್ಲ. ಆಮ್ಯಾಲ ಅತ್ತಿದ್ಲು."

"ಇದು ನಮ್ಮ ಎತ್ತಿನ ಬೆನ್ನಿಗೆ ಹೊಚ್ಚೂ ಜೂಲಾ," ಅಂದ ಇನ್ನೊಬ್ಬ. "ಎತ್ತು ಮಾರಿದ್ರು. ಜೂಲಾ ನಾ ಮುಚ್ಚಿಟ್ಟಿದ್ದೆ."

ಒಂದೊಂದು ಚಿಂದಿಗೂ ಒಂದೊಂದು ಪುರಾಣ! ಒಂದು ಹುಡುಗಿ ಹೇಳಿದ್ದನ್ನೇ ಮೂರು ಸಲ ಹೇಳಿದಳು, ಉಳಿದವರು ಮೂರು ಸಲವೂ ಬಾಯಿ ತೆರೆದು ಕೇಳಿದರು. ಪಡದಯ್ಯನಿಗೆ ಮೈ ಪರಚಿಕೊಳ್ಳುವ ಹಾಗಾಯಿತು. ಹೀಗೆ ಹೊಲಿದರೆ ಕೌದಿ ಮುಗಿಯುವುದು ಯಾವಾಗ? ಉಪದೇಶ ಸಿಗುವುದು ಯಾವಾಗ?

"ಬಾಯಿ ಮುಚ್ಚಿ ಕೈ ಆಡಸ್ರಿ," ಎಂದು ಅವನು ಗದರಿದ.

"ಬಾಯಿ ಮುಚ್ಚಿದ್ರ ಕೈ ಓಡೂದಿಲ್ಲಣ್ಣಾ," ಅಂದಳು ಲಗಮವ್ವ. ತಮಾಷೆಗೆ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು.

ಅವ್ವಾರು ಸಿಗಡಿಯ ಪಕ್ಕ ಕೂತು ಸೂಜಿಗೆ ದಾರ ಪೋಣಿಸಲು ನೋಡುತ್ತಿದ್ದರು. ಕಣ್ಣು ಸಾಲದೆ ಒಬ್ಬ ಚಿಕ್ಕವನ ಕೈಗೆ ಕೊಟ್ಟರು. ಅವನು ನಾಲಿಗೆ ಹೊರಗೆ ಹಾಕಿ, ಉಸಿರು ಕಟ್ಟಿ, ಪೋಣಿಸಿ ಕೊಟ್ಟ.

"ಆಯೀ, ಪೂರಾ ಹೊಲದ ಮ್ಯಾಲೆ ಏನ್ ಮಾಡ್ತಾರ?" ಎಂದು ಕೇಳಿದ. ಮಕ್ಕಳು ಅವ್ವಾರನ್ನು ಅಜ್ಜಿಯನ್ನು ಕರೆದ ಹಾಗೆ ಆಯಿ ಎಂದೇ ಕರೆಯುತ್ತಿದ್ದವು, ನೀನು ಎಂದೇ ಮಾತಾಡುತ್ತಿದ್ದವು. ಪಡದಯ್ಯನಿಗೆ ಅದೂ ಸಹಿಸುತ್ತಿರಲಿಲ್ಲ.

"ಕಡೀ ಮೂಲಿ ಮುಚ್ಚೂಕಿಂತ ಮೊದಲ ಒಂದ ತುಣುಕು ರೊಟ್ಟಿ ಒಳಗಿಟ್ಟು ಹೊಲೀತಾರ," ಅಂದರು ಅವ್ವಾರು.

"ಯಾಕ?"

"ಕೌದಿ ಹೊಟ್ಟಿ ಖಾಲಿ ಇರಬಾರದು. ಹಸದ ಕೌದಿ ಯಾರನ್ನೂ ಬೆಚ್ಚಗ ಇಡೂದಿಲ್ಲ."

ಹಸಿವಿನ ಮಾತು ಆ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಕಡೀ ಮೂಲಿ ಬರೂಮಟ ಅದು ಉಪಾಸ ಇರಬೇಕಾ?" ಎಂದಳು ಲಗಮವ್ವ.

ಅವ್ವಾರು ಕೆಂಡ ಕೆದಕಿದರು.

ಆಶ್ರಮವೂ ಅಂಥ ಸಿರಿವಂತರದಲ್ಲ. ಭಕ್ತರು ಕೊಟ್ಟ ಜೋಳದಲ್ಲಿ ಮುಂಜಾನೆ ತಲೆಗೊಂದು ರೊಟ್ಟಿ, ಚೂರು ಶೇಂಗಾ ಚಟ್ನಿ. ಅವ್ವಾರಿಗೂ ಅಷ್ಟೇ, ಭೀಮ್ಯಾನಿಗೂ ಅಷ್ಟೇ.

ಕೆಲವು ದಿನಗಳಲ್ಲಿ ಪಡದಯ್ಯ ಒಂದು ಗಮನಿಸಿದ. ಮಕ್ಕಳು ರೊಟ್ಟಿಯನ್ನು ಪೂರ್ತಿ ತಿನ್ನುತ್ತಿಲ್ಲ. ಚೂರು ಮುರಿದು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಿವೆ. ಅವನು ತಿರುಗಿದರೆ ತೊಡೆಯ ಕೆಳಗೆ ಹೋಗುತ್ತದೆ. ಅವನು ನೋಡಿದರೆ ಎಲ್ಲರ ಮುಖವೂ ದೇವರ ಮುಖ.

ಅವನು ನೆಟ್ಟಗೆ ಅವ್ವಾರ ಹತ್ತಿರ ಹೋದ.

"ಕಳ್ಳ ಹುಡುಗರ್ರಿ ಅವು. ರೊಟ್ಟಿ ಕದ್ದು ಒಯ್ಯಾಕತ್ತಾವ."

"ಎಲ್ಲಿಗೆ?"

"ಯಾವನಿಗ್ಗೊತ್ತು?"

"ಗೊತ್ತ ಮಾಡ್ಕೊಂಡು ಬಾ," ಅಂದರು ಅವ್ವಾರು.

ಅವನು ಗೊತ್ತು ಮಾಡಿಕೊಳ್ಳಲಿಲ್ಲ. ಗೊತ್ತಿದೆ ಎಂದುಕೊಂಡವನಿಗೆ ಹುಡುಕುವ ತ್ರಾಸು ಯಾಕೆ?

ಕೌದಿ ಮಾತ್ರ ದಿನದಿನಕ್ಕೆ ಅಂದಗೆಡುತ್ತ ಬೆಳೆಯಿತು. ಹೊಲಿಗೆ ಕೋಳಿ ನಡೆದಾಡಿದ ಹಾಗಿತ್ತು. ಅಲ್ಲಲ್ಲಿ ಗಂಟು, ಅಲ್ಲಲ್ಲಿ ಉಬ್ಬು. ಪಡದಯ್ಯ ಅಂಗೈಯಿಂದ ಒತ್ತಿ ಒತ್ತಿ ಸಪಾಟು ಮಾಡಲು ನೋಡಿದ. ಇಲ್ಲಿ ಒತ್ತಿದರೆ ಅಲ್ಲಿ ಉಬ್ಬಿತು.

"ಬಟ್ಟಿ ನೆಟ್ಟಗ ಹಾಸಾಕೂ ಬರೂದಿಲ್ಲೇನು ನಿಮಗ?" ಎಂದು ರೇಗಿದ. ಮಕ್ಕಳು ಒಬ್ಬರನ್ನೊಬ್ಬರು ನೋಡಿ ಕಿಸಕ್ಕನೆ ನಕ್ಕವು. ಅವನ ಸಿಟ್ಟು ಇಮ್ಮಡಿಯಾಯಿತು.

ಒಂದು ದಿನ ಬಾಬುಗೌಡರು ಬಂದರು. ಹೊಳೆಯಾಚೆಗಿನ ಆ ಕಬ್ಬಿನ ಹೊಲದ ಧಣಿ, ಆಶ್ರಮಕ್ಕೆ ಜೋಳ ಕಳಿಸುವ ಭಕ್ತರು. ಪಡಸಾಲೆಯ ಹೊಸ್ತಿಲಲ್ಲೇ ನಿಂತುಬಿಟ್ಟರು.

"ಏನಿದು ಸ್ವಾಮೇರ? ಗುಡಾರದ ಹುಡುಗರು ಇಲ್ಲಿ?"

ಪಡದಯ್ಯ ಸೂಜಿ ಮುಚ್ಚಿಟ್ಟುಕೊಂಡ.

"ಮತ್ತ ಈ ಚಿಂದಿ ಗುಡ್ಡಿ ಏನು? ಸಂಕ್ರಾಂತಿಗೆ ನಾಕ ಊರಿನ ಮಂದಿ ಬರ್ತಾರ. ಶಾಸ್ತ್ರಾ ಓದಿದವರು ನೀವು. ನಿಮ್ಮ ಕೈಯಾಗ ಇಂಥಾದ್ದಾ?"

ಒಳಗಿನಿಂದ ಅವ್ವಾರು ಬಂದರು.

"ಗೌಡ್ರ, ಇವರ ಅವ್ವ ಅಪ್ಪ ಎಲ್ಲಿ ಅದಾರ?"

"ನಮ್ಮ ಹೊಲದಾಗ."

"ಅದಕ್ಕ ಇವರು ಇಲ್ಲಿ ಅದಾರ. ಚಳಿ ಆಗಾಕತ್ತಿದ್ರ ನೀವೂ ಬರ್ರಿ, ಸೂಜಿ ಕೊಡತೀನಿ."

ಗೌಡರು ನಗಬೇಕೋ ಬೇಡವೋ ತಿಳಿಯದೆ ಹೊರಟುಹೋದರು. ಅವರು ಬಿಟ್ಟುಹೋದ ಮಾತು ಮಾತ್ರ ಪಡದಯ್ಯನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ನಿಮ್ಮ ಕೈಯಾಗ ಇಂಥಾದ್ದಾ?

ಎಳ್ಳ ಅಮಾವಾಸ್ಯೆ ಬಂತು. ಅಂದು ಯಾರೂ ಕಬ್ಬಿಗೆ ಕುಡಗೋಲು ಹಚ್ಚುವುದಿಲ್ಲ. ಭೂಮಿಗೆ ಎಡೆಯಾಗಿ ಚರಗ ಚೆಲ್ಲಿ ಹೊಲದಲ್ಲೇ ಉಣ್ಣುವ ಹಬ್ಬ. ಮಕ್ಕಳು ತಾಯಿತಂದೆಯ ಜೊತೆ ಉಳಿದವು. ಅವ್ವಾರನ್ನು ಯಾರೋ ತಮ್ಮ ಹೊಲಕ್ಕೆ ಕರೆದೊಯ್ದರು. ಆಶ್ರಮದಲ್ಲಿ ಪಡದಯ್ಯ ಒಬ್ಬನೇ.

ಕೌದಿ ಬಿಸಿಲಿಗೆ ಹಾಸಿತ್ತು. ಬಿಸಿಲಲ್ಲಿ ಅದರ ಸೊಟ್ಟತನವೆಲ್ಲ ಎದ್ದು ಕಾಣುತ್ತಿತ್ತು.

ಪಡದಯ್ಯ ಒಂದು ಹೊಲಿಗೆ ಬಿಚ್ಚಿದ. ಆ ಸೊಟ್ಟ ಗೆರೆ ಹೋದದ್ದೇ ಎಷ್ಟು ಹಿತವಾಯಿತೆಂದರೆ, ಇನ್ನೊಂದು ಬಿಚ್ಚಿದ. ಆಮೇಲೆ ಕೈ ನಿಲ್ಲಲಿಲ್ಲ.

ಬಿಚ್ಚಿದ ಪದರದ ನಡುವಿನಿಂದ ಏನೋ ಉದುರಿತು. ಒಣಗಿ ಚೆಕ್ಕೆಯಾದ ರೊಟ್ಟಿಯ ತುಣುಕು.

ಇನ್ನೊಂದು ಉಬ್ಬು ಬಿಚ್ಚಿದ. ಇನ್ನೊಂದು ತುಣುಕು. ಒಂದಕ್ಕೆ ಚಟ್ನಿ ಅಂಟಿ ಕೆಂಪಾಗಿತ್ತು. ಒಂದನ್ನು ಎಲೆಯಲ್ಲಿ ಸುತ್ತಿ, ಎಲೆಗೂ ದಾರ ಸುತ್ತಿ ಜೋಪಾನ ಮಾಡಿದ್ದರು. ನಟ್ಟನಡುವೆ ಒಂದಿತ್ತು, ಅರ್ಧ ಕಚ್ಚಿದ್ದು. ಅದರ ಅಂಚಿನಲ್ಲಿ ಪುಟ್ಟ ಹಲ್ಲಿನ ಗುರುತು ಹಾಗೇ ಉಳಿದಿತ್ತು.

ಇದಾ ಕಳ್ಳತನ! ಅವನಿಗೆ ಎಲ್ಲ ಅರ್ಥವಾಯಿತು. ಅರ್ಥವಾಯಿತು ಎಂದುಕೊಂಡ, ಪಾಪ.

ಕಡೀ ಮೂಲೆಯಲ್ಲಿ ಎಂದಿದ್ದರು ಅವ್ವಾರು. ಒಂದು ತುಣುಕು ಎಂದಿದ್ದರು. ಇಷ್ಟು ಚಿಕ್ಕ ಮಾತನ್ನು ನೆಟ್ಟಗೆ ಕೇಳಿಸಿಕೊಳ್ಳಲಾರದ ಮಕ್ಕಳ ಜೊತೆ ತಾನು ಇಡೀ ಮಾಗಿ ಕಳೆಯಬೇಕಾಯಿತಲ್ಲ! ಕಂಡಕಂಡಲ್ಲಿ ರೊಟ್ಟಿ ತುರುಕಿ, ಎಂಜಲನ್ನೂ ಬಿಡದೆ ತುರುಕಿ, ಇರುವೆಗೆ ಮನೆ ಮಾಡಿಟ್ಟಿವೆ. ಪದ್ಧತಿಗೆ ಒಂದು ಪದ್ಧತಿ ಬೇಡವೆ?

ಅವನು ತುಣುಕುಗಳನ್ನೆಲ್ಲ ಬಾಚಿ ಒಯ್ದು ಹೊಳೆಗೆ ಒಗೆದ. ಮೀನುಗಳು ಗುಂಪುಗಟ್ಟಿ ಬಂದವು.

ಮರುದಿನ ಮಕ್ಕಳು ಬಂದಾಗ ಕೌದಿ ಪಡಸಾಲೆಯಲ್ಲಿರಲಿಲ್ಲ.

"ಅಣ್ಣಾ, ಕೌದಿ ಎಲ್ಲಿ?"

"ನನ್ನ ಕೋಣ್ಯಾಗ ಐತಿ. ಮುಗಸಾಕತ್ತೀನಿ. ನೀವು ಶೇಂಗಾ ಸುಲೀರಿ."

ಮಕ್ಕಳು ಶೇಂಗಾ ಸುಲಿದವು. ಬೆಳಿಗ್ಗೆ ಬಂದೊಡನೆ ಕೌದಿಯನ್ನು ಕೇಳುತ್ತಿದ್ದವು, ಹೋಗುವಾಗಲೂ ಕೇಳುತ್ತಿದ್ದವು. ಭೀಮ್ಯಾ ಬರಿ ನೆಲದ ನಡುವೆ ಹೋಗಿ ಕೂರುತ್ತಿದ್ದ. ಪಡಸಾಲೆಯಲ್ಲಿ ಈಗ ಗದ್ದಲವಿರಲಿಲ್ಲ. ಪುರಾಣ ಹೇಳುವುದಕ್ಕೆ ಚಿಂದಿಯೇ ಇಲ್ಲವಲ್ಲ.

"ಹುಡುಗರ ಕೈಗೆ ಕೆಲಸಿಲ್ಲೇನು?" ಎಂದು ಅವ್ವಾರು ಒಮ್ಮೆ ಕೇಳಿದರು.

"ಶೇಂಗಾ ಸುಲೀತಾರ್ರಿ."

ಅವ್ವಾರು ಅವನ ಕೋಣೆಯ ಕಡೆ ಒಮ್ಮೆ ನೋಡಿದರು. ಮತ್ತೇನೂ ಅನ್ನಲಿಲ್ಲ. ಪಡದಯ್ಯ ಅದನ್ನು ಒಪ್ಪಿಗೆ ಎಂದುಕೊಂಡ.

ಅವನು ಹೊಲಿದ. ಬೆರಳಿಗೆ ಸೂಜಿ ಚುಚ್ಚಿ ಚುಚ್ಚಿ ಹೊಲಿದ. ಒಂದೊಂದು ಹೊಲಿಗೆಯೂ ಜೋಳದ ಕಾಳು ಜೋಡಿಸಿದ ಹಾಗೆ ಬಂತು. ಲಗಮವ್ವನ ತಾಯಿಯ ಸೀರೆಯ ಹರಿದ ಅಂಚನ್ನು ಒಳಗೆ ಮಡಚಿ ಮರೆಮಾಡಿದ. ಎತ್ತಿನ ಜೂಲದ ಮಾಸಿದ ಭಾಗವನ್ನು ಕತ್ತರಿಸಿ ತೆಗೆದ. ಕೌದಿ ಸಪಾಟಾಗಿ, ಚೊಕ್ಕಟವಾಗಿ ಬಂತು. ಕಡೀ ಮೂಲೆಯೊಂದನ್ನು ಮಾತ್ರ ತೆರೆದಿಟ್ಟ. ಅದನ್ನು ಮುಚ್ಚುವುದು ಅವ್ವಾರ ಎದುರಿಗೆ, ಪದ್ಧತಿಯ ಪ್ರಕಾರ.

ಸಂಕ್ರಾಂತಿಯ ಮುಂಜಾನೆ ಜನ ಹೊಳೆಯಲ್ಲಿ ಮಿಂದು ಆಶ್ರಮಕ್ಕೆ ಬಂದರು. ಹಬ್ಬವೆಂದು ಗುಡಾರದವರಿಗೂ ಬಿಡುವು. ತಾಯಂದಿರು ಅಡುಗೆಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುತ್ತಿದ್ದರು. ಪಡದಯ್ಯ ಉಪದೇಶ ಪಡೆಯುವ ದಿನವೆಂದು ಹಿಂದಿನ ದಿನದಿಂದಲೇ ಉಪವಾಸವಿದ್ದ. ಮೈ ಹಗುರಾಗಿ, ಕಾಲು ನೆಲ ಮುಟ್ಟದ ಹಾಗಿತ್ತು.

ಅವನು ಹೊಳೆಯ ಮೆಟ್ಟಿಲ ಬಳಿಯ ಕಟ್ಟೆಯ ಮೇಲೆ, ಅವ್ವಾರ ಎದುರಿಗೆ ಕೌದಿ ಹಾಸಿದ.

"ಆಹಾ!" ಅಂದರು ಬಾಬುಗೌಡರು. "ಮಿಷನ್ ಹೊಲದಂಗ ಐತಿ ನೋಡ್ರಿ ಅವ್ವಾರ!"

"ಹೌದ್ರಿ," ಅಂದರು ಅವ್ವಾರು. "ಯಾರ ಕೈಯೂ ಕಾಣವಲ್ಲದು."

ಪಡದಯ್ಯನಿಗೆ ಇದು ಹೊಗಳಿಕೆಯೋ ಏನೋ ಎಂಬ ಸಣ್ಣ ಅನುಮಾನ ಬಂತು. ಅಷ್ಟರಲ್ಲಿ ಮಕ್ಕಳು ಓಡಿ ಬಂದವು. ಕೌದಿಯ ಸುತ್ತ ಕೂತವು. ತಮ್ಮ ತಮ್ಮ ಜಾಗ ಹುಡುಕಿದವು. ಅಂಗೈಯಿಂದ ಒತ್ತಿ ನೋಡಿದವು. ಮತ್ತೆ ಒತ್ತಿ ನೋಡಿದವು.

ಭೀಮ್ಯಾ ನಡುವೆ ಹೋಗಿ ಕೂತ. ಪುಟ್ಟ ಕೈಯಿಂದ ಅಲ್ಲಿ ತಡವಿದ, ಇಲ್ಲಿ ತಡವಿದ. ಆಮೇಲೆ ಬಾಯಿ ಅಗಲಿಸಿ ಅತ್ತ.

"ಅಣ್ಣಾ, ನಮ್ಮವು ಎಲ್ಲಿ?" ಅಂದಳು ಲಗಮವ್ವ.

"ಏನು ನಿಮ್ಮವು?"

"ರೊಟ್ಟಿ."

"ಒಣಗಿ ಹೋಗಿದ್ದುವು. ಇರಿವಿ ಹತ್ತತಿದ್ದುವು. ಹೊಳ್ಯಾಗ ಒಗದೆ."

ಲಗಮವ್ವ ಎದ್ದು ನಿಂತಳು.

"ಒಗಿ ಅಂತ ನಿನಗ ಯಾರ್ ಹೇಳಿದ್ರು?"

"ಏ ಹುಡುಗೀ, ಹಂಗೆಲ್ಲಾ ಮಾತಾಡಬಾರದು." ಪಡದಯ್ಯನಿಗೂ ಸಿಟ್ಟೇರಿತು. "ಕೌದೀಗೆ ಒಂದ ತುಣುಕು, ಅದೂ ಕಡೀ ಮೂಲ್ಯಾಗ. ಅವ್ವಾರು ಹೇಳಿರಲಿಲ್ಲೇನು? ಇಲ್ಲಿ ನೋಡು, ತಂದೀನಿ. ಬಿಸಿದು. ತುಪ್ಪಾ ಸವರೀನಿ."

"ಅದು ಅಡಿಗಿಮನೀದು!" ಹುಡುಗಿಯ ದನಿ ಒಡೆಯಿತು. "ನಾವು ನಮ್ಮದರಾಗ ಮುರದು ಇಟ್ಟಿದ್ವಿ. ಅವತ್ತ ನನಗ ಎಷ್ಟ ಹಸಿವಾಗಿತ್ತು ಗೊತ್ತೈತೇನು ನಿನಗ? ಹಸಿವಾಗಿದ್ರೂ ಇಟ್ಟಿದ್ದೆ. ಕೌದಿ ಉಪಾಸ ಇರಬಾರದಂತ ಇಟ್ಟಿದ್ದೆ. ಭೀಮ್ಯಾ ಅರ್ಧಾ ತಿಂದು ಅರ್ಧಾ ಇಟ್ಟಿದ್ದ. ಅವಗ ಮಾತೂ ಬರೂದಿಲ್ಲ. ಇಡು ಅಂತ ಯಾರೂ ಹೇಳಿರಲಿಲ್ಲ. ನೀ ಅದನ್ನೂ ಒಗದಿ!"

ಬಾಬುಗೌಡರು ಹೊಳೆಯ ಕಡೆ ಮುಖ ತಿರುಗಿಸಿದರು.

"ನಮ್ಮವ್ವನ ಸೀರಿ ಹರಕ ಎಲ್ಲಿ ಹೋತು?" ಎಂದಳು ಲಗಮವ್ವ, ಕೌದಿಯ ಅಂಚು ಹಿಡಿದು. "ಇದು ನಮ್ಮದಲ್ಲ."

ಅವಳು ಭೀಮ್ಯಾನನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಹೋಗಿ ಕೂತಳು. ಉಳಿದವೂ ಅವಳ ಹಿಂದೆ ಹೋದವು. ಹೊಳೆಯ ಗಾಳಿ ಬೀಸುತ್ತಿತ್ತು. ಮಕ್ಕಳು ಒಂದಕ್ಕೊಂದು ಒತ್ತಿಕೊಂಡು ನಡುಗುತ್ತ ಕೂತವು, ಕೌದಿಯ ಕಡೆ ಬರಲಿಲ್ಲ.

ಎಂಥ ಕೃತಘ್ನ ಮಕ್ಕಳು! ಪಡದಯ್ಯನ ಕಿವಿ ಬಿಸಿಯಾಯಿತು. ಬೆರಳೆಲ್ಲ ತೂತಾಗುವಂತೆ ಹೊಲಿದದ್ದು ಯಾರು? ಅದಕ್ಕೆ ಇದಾ ಪ್ರತಿಫಲ? ಅದೂ ನಾಕು ಊರಿನ ಮಂದಿಯ ಎದುರಿಗೆ?

ಅವನು ಅವ್ವಾರ ಕಡೆ ತಿರುಗಿದ.

"ಅವ್ವಾರ, ನೀವು ಹೇಳಿದ್ದು ಮಾಡೀನಿ. ಕೌದಿ ಮುಗೀತು. ಈ ಮೂಲಿ ಮುಚ್ಚಿ ಉಪದೇಶ ಕೊಡ್ರಿ."

"ಹೊದ್ದು ನೋಡೀಯೇನು?" ಅಂದರು ಅವ್ವಾರು.

"ಇಲ್ರಿ."

"ಹೊದಿ."

ಅವ್ವಾರೇ ಎದ್ದು ಕೌದಿಯನ್ನು ಅವನಿಗೆ ಹೊದಿಸಿದರು. ತೋಳು ಹಿಡಿದು ಮಕ್ಕಳಿಗಿಂತ ಒಂದು ಮೆಟ್ಟಿಲು ಕೆಳಗೆ, ನೀರಿನ ಹತ್ತಿರ ಕೂರಿಸಿದರು. ತಾವು ಕಟ್ಟೆಗೆ ಹೋಗಿ ಕೂತರು.

ಪಡದಯ್ಯ ಕೂತ. ಹಿಂದಿನ ದಿನದಿಂದ ನೀರು ಬಿಟ್ಟು ಏನೂ ಕಾಣದ ಮೈ ಅದು. ಹೊಳೆಯ ಥಂಡಿ ಕಾಲಿನಿಂದ ಏರತೊಡಗಿತು. ಕೌದಿಯನ್ನು ಎಳೆದು ಸುತ್ತಿಕೊಂಡ. ಮೊಣಕಾಲಿಗೆ ಗದ್ದ ಹಚ್ಚಿ ಮುದುಡಿದ. ನಡುಕ ನಿಲ್ಲಲಿಲ್ಲ.

"ಬೆಚ್ಚಗ ಆತೇನು?" ಎಂದು ಅವ್ವಾರು ಕೇಳಿದರು.

"ಇಲ್ರಿ."

"ಅಷ್ಟ ಚೆಂದ ಹೊಲದೀದಿ. ಯಾಕ ಇಲ್ಲ?"

"ನಿನ್ನಿಯಿಂದ ಹೊಟ್ಟ್ಯಾಗ ಏನೂ ಇಲ್ರಿ ಅವ್ವಾರ. ಅದಕ್ಕ."

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು.

ಅವನು ಹೊದ್ದ ಕೌದಿಯನ್ನು ನೋಡಿದ. ಸಪಾಟಾದ, ಚೊಕ್ಕಟವಾದ ಕೌದಿ. ಅಂಗೈಯಿಂದ ಒತ್ತಿ ನೋಡಿದ, ಮಕ್ಕಳು ಒತ್ತಿದ ಹಾಗೆ. ಎಲ್ಲೂ ಏನೂ ತಾಗಲಿಲ್ಲ. ಎಲೆಯಲ್ಲಿ ಸುತ್ತಿದ್ದ ಆ ತುಣುಕು ನೆನಪಾಯಿತು. ಹಲ್ಲಿನ ಗುರುತಿದ್ದ ಆ ಅರ್ಧ ತುಣುಕು ನೆನಪಾಯಿತು. ಅದನ್ನು ಒಗೆದ ನೀರು ಅವನ ಕಾಲ ಬಳಿಯಲ್ಲೇ ಹರಿಯುತ್ತಿತ್ತು. ಆ ಸಿಟ್ಟೆಲ್ಲ ಎಲ್ಲಿ ಹೋಯಿತೋ, ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು.

ಅಡುಗೆಮನೆಯಿಂದ ಹಬ್ಬದ ರೊಟ್ಟಿ ಬಂತು. ತಲೆಗೊಂದರಂತೆ ಮಕ್ಕಳ ಕೈಗೆ ಕೊಟ್ಟರು. ಪಡದಯ್ಯನ ಹತ್ತಿರ ಬಂದ ಹೆಂಗಸು, ಉಪವಾಸದವರೆಂದು ಕೈ ಮುಗಿದು ಮುಂದೆ ಹೋದಳು.

ಸ್ವಲ್ಪ ಹೊತ್ತಿಗೆ ಅವನ ಮಗ್ಗುಲಲ್ಲಿ ಯಾರೋ ಬಂದು ನಿಂತರು. ಲಗಮವ್ವ. ಅವಳ ಸಿಟ್ಟು ಹೋಗಿರಲಿಲ್ಲ. ಹುಬ್ಬು ಗಂಟಾಗಿಯೇ ಇತ್ತು, ಕಣ್ಣು ಇನ್ನೂ ಒದ್ದೆ. ತನ್ನ ರೊಟ್ಟಿಯನ್ನು ಮುರಿದಳು.

"ತಗೋ," ಅಂದಳು. "ನಡುಗಾಕತ್ತೀದಿ."

ಪಡದಯ್ಯ ಎರಡೂ ಕೈ ಚಾಚಿ ತಗೊಂಡ. ಭೀಮ್ಯಾ ಅಕ್ಕನ ಕಂಕುಳಿಂದ ಜಾರಿ ಇಳಿದು, ಕೌದಿಯ ಅಂಚು ತುಳಿದುಕೊಂಡು ಬಂದು, ಪಡದಯ್ಯನ ತೊಡೆಯ ಮೇಲೆ ತನ್ನ ಜಾಗ ಇದೇ ಎಂಬಂತೆ ಕೂತ.

ರೊಟ್ಟಿ ಬಿಸಿಯಿತ್ತು. ಎಳ್ಳಿನ ವಾಸನೆಗೆ ಪಡದಯ್ಯನ ಬಾಯಲ್ಲಿ ನೀರು ಬಂತು. ಕೈ ತಾನಾಗಿ ಬಾಯಿಯ ತನಕ ಹೋಗಿ ಅಲ್ಲೇ ನಿಂತಿತು. ಮಡಿಲಲ್ಲಿ ಕೌದಿಯ ಕಡೀ ಮೂಲೆ ಇನ್ನೂ ತೆರೆದೇ ಇತ್ತು.

ಉಪದೇಶದ ಮಾತು ಅವನಿಗೆ ನೆನಪಾಗಲಿಲ್ಲ.

"ಅವ್ವಾರ," ಎಂದು ಕರೆದ. "ಇದನ್ನ ಏನ್ ಮಾಡ್ಲಿ? ತಿನ್ನಲೋ, ಒಳಗಿಟ್ಟು ಹೊಲೀಲೋ?"

ಅವ್ವಾರು ಕಟ್ಟೆಯಿಂದ ಎದ್ದು ಬಂದು ಅವನ ಕೈಗೆ ದಾರ ಪೋಣಿಸಿದ ಸೂಜಿ ಕೊಟ್ಟರು.

"ಅಷ್ಟ ದೊಡ್ಡ ಪ್ರಶ್ನಿ ನನ್ನ ಕೇಳಬ್ಯಾಡೋ ತಮ್ಮಾ. ನಿನ್ನ ತೊಡೀ ಮ್ಯಾಲೆ ಕುಂತಾನಲ್ಲ, ಭೀಮ್ಯಾನ್ನ ಕೇಳು."